ಹಿಂದಿನ ಚಕ್ರದ ಮೇಲಿನ ದೂರು

ಬೆಳಗ್ಗಿನಿಂದ ಅವರು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನಾಲ್ಕು ಗಂಟೆಗೆ ಭಾವಮೈದುನನ ನಿವೃತ್ತಿ ಸಮಾರಂಭ. ಉಡುಗೊರೆಗೆಂದು ತಾವೇ ಕೂತು ಕಟ್ಟಿದ ರಿಮೋಟ್ ಆಟಿಕೆ ಲಾರಿ ನೋಡಿದರೆ ಹಟ ಹಿಡಿದು ಕೂತಿತ್ತು.

ಅಂಥಿಂಥ ಲಾರಿಯಲ್ಲ ಅದು, ಅಗ್ನಿಶಾಮಕ ದಳದ ಉದ್ದನೆಯ ಏಣಿ ಗಾಡಿಯ ಮರಿ. ಅಸಲಿ ಗಾಡಿಗೆ ಇಬ್ಬರು ಡ್ರೈವರ್‌ಗಳು. ಮುಂದಿನ ಸ್ಟಿಯರಿಂಗ್ ಇವರದು. ಬಾಲದಲ್ಲಿ ಕೂತು ಹಿಂದಿನ ಚಕ್ರ ತಿರುಗಿಸುವುದು ಭಾವಮೈದುನನದು. ಹನ್ನೆರಡು ವರ್ಷ, ಜೋಡಿಯೆಂದರೆ ಜೋಡಿ! ಏಳು ವರ್ಷದ ಹಿಂದೆ ಒಂದು ಓಣಿಯ ತಿರುವಿನಲ್ಲಿ ಗಾಡಿ ಗೋಡೆಗೆ ಬಡಿದು ಸಿಕ್ಕಿಕೊಂಡಿತು. ವಿಚಾರಣೆಯಲ್ಲಿ ಇವರು "ಹಿಂದಿನವನು ತಡ ಮಾಡಿದ" ಎಂದುಬಿಟ್ಟರು. ಮೇಲಧಿಕಾರಿಗಳು ಅವನನ್ನು ಗಾಡಿಯಿಂದ ಇಳಿಸಿ ಉಗ್ರಾಣಕ್ಕೆ ಹಾಕಿದರು. ಅಂದಿನಿಂದ ಅವನು ಅಕ್ಕನ ಮನೆಯ ಹೊಸಿಲು ತುಳಿದಿಲ್ಲ. ಈ ಲಾರಿ ನೋಡಿಯಾದರೂ ಕರಗಿಯಾನು ಎಂಬ ಆಸೆ ಇವರಿಗೆ.

ಹಿಂದಿನ ಚಕ್ರಗಳಿಗೂ ಒಂದು ಪುಟ್ಟ ಮೋಟಾರು ಕೂರಿಸಿ ರಿಮೋಟ್ ತಿರುಗಿಸಿದರೆ, ನಾಲ್ಕೂ ಚಕ್ರ ಒಂದೇ ಕಡೆ ತಿರುಗಿ ಲಾರಿ ಏಡಿಯ ಹಾಗೆ ಅಡ್ಡಡ್ಡ ಹೋಯಿತು.

"ಕುಡಿದು ಬಂದಿದೆಯೇನ್ರೀ ನಿಮ್ಮ ಗಾಡಿ?" ಹೆಂಡತಿ ನಕ್ಕಳು.

ರಿಮೋಟಿನಲ್ಲಿ ಹಿಂದಿನ ಮೋಟಾರಿನ ದಿಕ್ಕು ಉಲ್ಟಾ ಮಾಡಿದರು. ಈಗ ಮುಂದಿನವು ಎಡಕ್ಕೆ, ಹಿಂದಿನವು ಬಲಕ್ಕೆ. ಲಾರಿ ಮೇಜಿನ ಕಾಲನ್ನು ಗಿರಕ್ಕನೆ ಸುತ್ತಿತು. ಆದರೆ ಇಟ್ಟಿಗೆ ಜೋಡಿಸಿ ತಿರುವಿನ ಓಣಿ ಮಾಡಿದ್ದೇ ತಡ, ಮೂಲೆಗೆ ಹೊಟ್ಟೆ ಉಜ್ಜಿ ನಿಂತಿತು. "ಹಾಳಾದ್ದು, ಹಿಂದಿನದು!" ಎಂದು ಬೈದು, ಚಕ್ರ ತಿರುಗಿಸುವ ಮೋಟಾರಿನ ಕಡ್ಡಿ ಬಿಚ್ಚಿ, ಚಕ್ರ ನೆಟ್ಟಗೆ ನಿಲ್ಲುವ ಹಾಗೆ ಬಿಗಿದರು. ಬಡಿಯಿತು. ಹಿಂದಿನ ಚಕ್ರ ಇನ್ನಷ್ಟು ತಿರುಗುವ ಹಾಗೆ ಮಾಡಿದರು. ಮತ್ತೆ ಬಡಿಯಿತು. ಗಂಟೆ ಎರಡೂವರೆ ಆಗಿತ್ತು.

ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ಸಾಕಾಯಿತು. "ಆಗಿನಿಂದ ಹಿಂದಿನದಕ್ಕೇ ಬೈತಿದ್ದೀರಲ್ಲ! ಮೂತಿ ಮೂಲೆ ದಾಟೋ ಮೊದಲೇ ನೀವು ತಿರುಗಿಸಿಬಿಡ್ತೀರಿ. ಪಾಪ, ಅದೇನು ಮಾಡುತ್ತೆ?"

"ನಿನಗೇನು ಗೊತ್ತು, ಸುಮ್ನಿರು."

ಆದರೂ ಒಂದು ಗೇಣು ಮುಂದೆ ಬಿಟ್ಟು ತಿರುಗಿಸಿದರು. ಲಾರಿ ಸಲೀಸಾಗಿ ದಾಟಿತು. ಬೇಗ ತಿರುಗಿಸಿ ನೋಡಿದರು, ಬಡಿಯಿತು. ಬಿಟ್ಟು ತಿರುಗಿಸಿದರು, ದಾಟಿತು. ಆವತ್ತು ಓಣಿಯ ತಿರುವಿನಲ್ಲಿ ಹೊಗೆ ಕಂಡು ಅವಸರ ಮಾಡಿದ್ದು ಇದೇ ಕೈ. ಏಳು ವರ್ಷ ತಮ್ಮ ಮಾತನ್ನು ತಾವೇ ನಂಬಿಕೊಂಡು ಬಂದಿದ್ದರು. ನಾಚಿಕೆಯಿಂದ ಹೆಂಡತಿಯ ಮುಖ ನೋಡಲಾಗಲಿಲ್ಲ.

ಮೂರೂವರೆಗೆ ಲಾರಿಯನ್ನು ಕಂಕುಳಲ್ಲಿಟ್ಟುಕೊಂಡು ಉಗ್ರಾಣದ ಬಾಗಿಲಲ್ಲಿ ನಿಂತರು. ಭಾವಮೈದುನ ಪೈಪು ಸುತ್ತಿಡುತ್ತಿದ್ದ, ತಲೆಯೆತ್ತಲಿಲ್ಲ.

"ಆವತ್ತು ಬೇಗ ತಿರುಗಿಸಿದ್ದು ನಾನು ಕಣಪ್ಪಾ. ನಿನ್ನದೇನೂ ತಪ್ಪಿರಲಿಲ್ಲ."

ಅವನ ಕೈ ನಿಂತಿತು. "ನನಗೆ ಆವತ್ತೇ ಗೊತ್ತಿತ್ತು ಭಾವ. ನಿಮಗೆ ಗೊತ್ತಿದ್ದೂ ಸುಳ್ಳು ಹೇಳಿದ್ರೋ, ಗೊತ್ತಿಲ್ಲದೆ ಹೇಳಿದ್ರೋ, ಅದೊಂದು ಗೊತ್ತಾಗದೆ ಒದ್ದಾಡ್ತಿದ್ದೆ."

"ಇವತ್ತೇ ಗೊತ್ತಾಗಿದ್ದು. ಎಲ್ಲರ ಮುಂದೆ ಹೇಳ್ತೀನಿ."

ಭಾವಮೈದುನ ಲಾರಿಯನ್ನು ಇಸಿದುಕೊಂಡು ಹಿಂದಿನ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ಅಲುಗಾಡಿಸಿ ನೋಡಿದ. "ಮೊದಲು ಮೈಕಿನಲ್ಲಿ ಹೇಳಿ ಬನ್ನಿ. ಅಕ್ಕನ ಮನೆಗೆ ಊಟಕ್ಕೆ ಬರೋದಾ ಬೇಡ್ವಾ, ಆಮೇಲೆ ಹೇಳ್ತೀನಿ."

ಅವರು ವೇದಿಕೆಯ ಕಡೆ ಹೊರಟರು.