ಬಾಗಿಲ ಮುಂದಿನ ಬಿಳಿ

ತಾನು ಬರೆದ ಪುಸ್ತಕ ಅಂಗಡಿಗಳಿಗೆ ಬಂದಾಗಿನಿಂದ ಗುಬ್ಬಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಬೆಳಿಗ್ಗೆ ಎದ್ದು ಮುಖಕ್ಕೆ ನೀರು ಹಾಕುವ ಮೊದಲೇ ಫೋನು ಹಿಡಿದು, ಯಾರ್ಯಾರು ಏನೇನು ಅಭಿಪ್ರಾಯ ಬರೆದಿದ್ದಾರೆ ಎಂದು ನೋಡುವುದು. ಇದನ್ನು ಜಂಬ ಎಂದುಕೊಂಡರೆ ಪಾಪ, ಅವಳಿಗೆ ಅನ್ಯಾಯ ಮಾಡಿದಂತೆ. ಹೊಗಳಿದವರ ಮಾತನ್ನು ಅರ್ಧಕ್ಕೇ ಬಿಡುತ್ತಿದ್ದಳು, ಬೈದವರ ಮಾತಿಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವಳಿಗೆ ಬೇಕಿದ್ದದ್ದು ಒಬ್ಬಳೇ ಒಬ್ಬಳ ಮಾತು. ಅವಳ ಅಕ್ಕನದು.

ಗುಬ್ಬಿ ಎಂಬುದು ಅಕ್ಕ ಇಟ್ಟ ಅಡ್ಡಹೆಸರು. ತಟ್ಟೆ ತುಂಬ ಬಡಿಸಿದರೂ ನಾಲ್ಕು ಅಗುಳು ಹೆಕ್ಕಿ ಎದ್ದುಹೋಗುವ ಮಗುವಿಗೆ ಇನ್ನೇನು ಹೆಸರಿಡಬೇಕು? ತಾಯಿ ಬೇಗ ಹೋದಳು. ತಂದೆಯ ಕಥೆ ಕೇಳದಿರುವುದೇ ಮೇಲು. ಅಕ್ಕನೇ ತಲೆ ಬಾಚಿ, ಬೈದು, ಉಣ್ಣಿಸಿ ಬೆಳೆಸಿದಳು. ಅವಳಿಟ್ಟ ಆ ಹೆಸರನ್ನೇ ಗುಬ್ಬಿ ತನ್ನ ಚಿತ್ರಗಳ ಮೂಲೆಯಲ್ಲಿ ಸಹಿಯಾಗಿ ಹಾಕುತ್ತಿದ್ದಳು. ಹಗಲೆಲ್ಲ ಸ್ಟಿಕ್ಕರ್ ಅಂಗಡಿಯಲ್ಲಿ ಕೆಲಸ: ಗಾಡಿಗಳ ನಂಬರು, ಕ್ಲಿನಿಕ್ಕಿನ ಸಮಯ, 'ಇಲ್ಲಿ ವಾಹನ ನಿಲ್ಲಿಸಬೇಡಿ'. ಸಂಜೆ ಮನೆಗೆ ಬಂದು, ಜನ ಫೋನಿನಲ್ಲಿ ಓದುವ ಒಂದು ಕಾಮಿಕ್ಸ್ ಬರೆಯುವುದು. ವಾರಕ್ಕೊಂದು ಕಂತು. ಹೆಸರು 'ಎರಡನೇ ಮಹಡಿ'. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಅಕ್ಕ, ತಂಗಿ ಇಬ್ಬರೇ ಇರುತ್ತಾರೆ. ಬಾಚಣಿಗೆಗೆ ಜಗಳ, ಬಕೆಟ್ಟಿಗೆ ಜಗಳ, ಡಬ್ಬಿಯಲ್ಲಿ ಉಳಿದ ಕೊನೆಯ ಬಿಸ್ಕತ್ತಿಗೆ ಜಗಳ. ಅಷ್ಟೇ ಕಥೆ. ಅಷ್ಟಕ್ಕೇ ಜನ ಮುಗಿಬಿದ್ದರು.

ಪುಸ್ತಕವಾದ ಮೇಲಂತೂ ಅಭಿಪ್ರಾಯಗಳಿಗೆ ಬರವೇ ಇರಲಿಲ್ಲ. "ನನ್ನ ತಂಗಿಗೆ ಓದೋಕೆ ಕೊಟ್ಟೆ, ವಾಪಸ್ ಕೊಡ್ತಿಲ್ಲ, ಥೇಟ್ ಕಥೇಲಿರೋ ಹಾಗೇ" ಎಂದು ಒಬ್ಬಾಕೆ ಬರೆದಿದ್ದಳು. ಇನ್ನೊಬ್ಬರು ಒಂದೇ ಒಂದು ನಕ್ಷತ್ರ ಕೊಟ್ಟು "ಪುಸ್ತಕ ತುಂಬಾ ಚೆನ್ನಾಗಿದೆ, ಆದರೆ ಪಾರ್ಸೆಲ್ ಡಬ್ಬ ಜಜ್ಜಿಹೋಗಿತ್ತು" ಎಂದಿದ್ದರು. ಡಬ್ಬಕ್ಕೂ ಕಥೆಗೂ ಏನು ಸಂಬಂಧ ಎಂದು ಕೇಳುವವರಾರು? ಮತ್ತೊಬ್ಬ ಮಹಾನುಭಾವ ಮಾತ್ರ, ಅಕ್ಕನ ಮೂಗು ಒಂದೊಂದು ಕಡೆ ಒಂದೊಂದು ಥರ ಇದೆ ಎಂದು ಪುಟಗಳ ಫೋಟೋ ತೆಗೆದು ತೋರಿಸಿದ್ದ. ಅದನ್ನು ಓದಿ ಗುಬ್ಬಿ ಮೊದಲು ನಕ್ಕಳು, ಆಮೇಲೆ ಪುಸ್ತಕ ತೆರೆದು ನೋಡಿದಳು. ಅವನು ಹೇಳಿದ್ದು ನಿಜ. ಅಕ್ಕನ ಮೂಗು ಹೇಗಿತ್ತು ಎಂಬುದೇ ಅವಳಿಗೆ ಮರೆಯುತ್ತಾ ಬಂದಿತ್ತು.

ಆದರೆ ಮಾತಿನ ಧಾಟಿ ಮರೆತಿರಲಿಲ್ಲ. ಅಕ್ಕ ಯಾವುದನ್ನೂ ಬಾಯಿಬಿಟ್ಟು ಚೆನ್ನಾಗಿದೆ ಎನ್ನುವವಳಲ್ಲ. ಎಷ್ಟೇ ಇಷ್ಟವಾದರೂ "ಪರವಾಗಿಲ್ಲ", ಅಷ್ಟೇ. ಒಂದು ಬೆಳಿಗ್ಗೆ ಹೆಸರಿಲ್ಲದ ಯಾರೋ "ಪರವಾಗಿಲ್ಲ. ತಂಗಿಗೆ ಸ್ವಲ್ಪ ಕೊಬ್ಬು ಜಾಸ್ತಿ" ಎಂದು ಬರೆದಿದ್ದರು. ಗುಬ್ಬಿ ಹಿಂದುಮುಂದು ನೋಡದೆ "ಅಕ್ಕಾ, ನೀನಾ?" ಎಂದು ಕೇಳಿಯೇಬಿಟ್ಟಳು. ಮಧ್ಯಾಹ್ನ ಉತ್ತರ ಬಂತು: "ಇಲ್ಲ ಮೇಡಂ, ನಾನು ಗಂಡಸು. ಟೈರಿನ ಅಂಗಡಿ ಇದೆ." ಮಾಲೀಕನಿಗೆ ಕಾಣದಂತೆ ಅವಳು ಸ್ಟಿಕ್ಕರ್ ಸುರುಳಿಗಳ ಹಿಂದೆ ಕೂತು ಅತ್ತಳು. ಅಳುವಂಥದ್ದು ಏನೂ ಆಗಿರಲಿಲ್ಲ. ಆದರೂ ಅತ್ತಳು.

ಅಕ್ಕ ತಂಗಿಯ ಜಗಳ ದೊಡ್ಡದೇನಲ್ಲ. ಅಕ್ಕ ಒಂದು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿದ್ದಳು. ಅವರಿವರ ಕೈಕಾಲು ಹಿಡಿದು ತಂಗಿಗೂ ಅಲ್ಲೇ ಬಿಲ್ಲು ಹಾಕುವ ಕೆಲಸ ಕೊಡಿಸಿದಳು. ತಂಗಿಯೋ, ಬಿಲ್ಲುಗಳ ಹಿಂದೆಲ್ಲ ಚಿತ್ರ ಬರೆದು, ಕೊನೆಗೊಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟಳು. "ನನ್ನ ಮರ್ಯಾದೆ ಹರಾಜು ಹಾಕಿದೆ. ಇನ್ನು ನನ್ನ ಮನೆ ಬಾಗಿಲಿಗೆ ಬರಬೇಡ" ಎಂದಳು ಅಕ್ಕ. "ಕರೆದ್ರೂ ಬರಲ್ಲ" ಎಂದಳು ತಂಗಿ. ಹಟದಲ್ಲಿ ಒಬ್ಬರಿಗಿಂತ ಒಬ್ಬರು. ಆದರೂ ತಿಂಗಳು ತುಂಬುವುದರೊಳಗೆ ಗುಬ್ಬಿ ತಡೆಯಲಾರದೆ ಹೋದಳು. ಬಾಗಿಲು ತಟ್ಟಿದಳು. ಒಳಗೆ ಸುರಿಯುತ್ತಿದ್ದ ನಲ್ಲಿ ಗಕ್ಕನೆ ನಿಂತಿತು. ಅಂದರೆ ಅಕ್ಕನಿಗೆ ಕೇಳಿಸಿದೆ. ಬಾಗಿಲು ಮಾತ್ರ ತೆರೆಯಲಿಲ್ಲ. ಕಾಲು ಸೋಲುವಷ್ಟು ಹೊತ್ತು ನಿಂತು, ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದಿರುಗಿದಳು. ಆಮೇಲೆ ವರ್ಷಗಳೇ ಕಳೆದರೂ ಇಬ್ಬರೂ ಮಾತಾಡಿರಲಿಲ್ಲ.

ಆ ಬಾಗಿಲನ್ನೇ ಅವಳು 'ಎರಡನೇ ಮಹಡಿ'ಯ ಕೊನೆಯ ಕಂತಿನಲ್ಲಿ ಬರೆದಳು. ತಂಗಿ ಬಾಗಿಲು ತಟ್ಟುತ್ತಾಳೆ. ಅದರ ಕೆಳಗೆ ಬರೀ ಬಿಳಿ. ಫೋನಿನಲ್ಲಿ ಓದುವವರು ಬೆರಳಿನಿಂದ ತಳ್ಳುತ್ತಾರೆ, ಬಿಳಿ. ಮತ್ತೆ ತಳ್ಳುತ್ತಾರೆ, ಮತ್ತೂ ಬಿಳಿ. ಫೋನೇ ಕೆಟ್ಟುಹೋಯಿತೇನೋ ಎನಿಸುವಷ್ಟು ಬಿಳಿ. ಬೆರಳು ಸೋತ ಮೇಲೆ, ಕೆಳಗೆಲ್ಲೋ ಬಾಗಿಲು ತೆರೆದು ಅಕ್ಕ ನಿಂತಿರುತ್ತಾಳೆ. ನಿಜದಲ್ಲಿ ಆಗದ್ದನ್ನು ಚಿತ್ರದಲ್ಲಿ ಆಗಿಸಿದ್ದಳು, ಆದರೆ ಸುಮ್ಮಸುಮ್ಮನೆ ಆಗಿಸಿರಲಿಲ್ಲ. ನೋಡು, ನನ್ನನ್ನು ಎಷ್ಟು ಹೊತ್ತು ಹೊರಗೆ ನಿಲ್ಲಿಸಿದೆ ನೋಡು, ಎಂಬ ಸಿಟ್ಟೆಲ್ಲ ಆ ಬಿಳಿಯಲ್ಲಿತ್ತು. ಓದುಗರು ಅದನ್ನು ದುಃಖ ಎಂದುಕೊಂಡು ಕಣ್ಣೊರೆಸಿಕೊಂಡರು.

ಪುಸ್ತಕ ಮಾಡುವಾಗ ಪುಟ ಜೋಡಿಸಿದವನು ಅಚ್ಚಿನ ಮನೆಯ ಒಬ್ಬ ಪಳಗಿದ ಕೈ. ಎಲ್ಲರೂ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಫೋನಿನಲ್ಲಿ ಉದ್ದಕ್ಕೆ ಇಳಿಯುವ ಚಿತ್ರಗಳನ್ನು ತುಂಡು ಮಾಡಿ ಪುಟದ ಅಳತೆಗೆ ಕೂರಿಸುವುದು ಅವನ ಕೆಲಸ. ಚಿತ್ರ ಚಿತ್ರಗಳ ನಡುವಿನ ಖಾಲಿ ಜಾಗವೆಂದರೆ ಅವನಿಗೆ ತರಕಾರಿಯ ಸಿಪ್ಪೆ ಇದ್ದಹಾಗೆ. ತೆಗೆದು ಬಿಸಾಕಿದ. ಹಾಗಾಗಿ ಪುಸ್ತಕದಲ್ಲಿ, ತಂಗಿ ಬಾಗಿಲು ತಟ್ಟಿದ ಚಿತ್ರದ ಪಕ್ಕದಲ್ಲೇ ಅಕ್ಕ ಬಾಗಿಲು ತೆರೆದ ಚಿತ್ರ. ತಟ್ಟಿದಳು, ತೆರೆದಳು. ಕರಡು ನೋಡುವಾಗ ಗುಬ್ಬಿ ಕಣ್ಣನ್ನೆಲ್ಲ ಅಕ್ಷರಗಳ ಮೇಲಿಟ್ಟಿದ್ದಳು. ಇದ್ದದ್ದರಲ್ಲಿ ತಪ್ಪು ಹುಡುಕಿದಳೇ ಹೊರತು ಇಲ್ಲದ್ದು ಅವಳ ಕಣ್ಣಿಗೆ ಬೀಳಲಿಲ್ಲ.

ಫೋನಿನಲ್ಲಿ ಓದಿದ್ದವರು ಹುಯಿಲೆಬ್ಬಿಸಿದರು. "ಆ ಬಿಳಿ ಎಲ್ಲಿ ಹೋಯ್ತು? ನಾನು ಅತ್ತಿದ್ದೇ ಅಲ್ಲಿ" ಎಂದು ಒಬ್ಬರು. "ಅಕ್ಕ ಬಾಗಿಲ ಹಿಂದೇನೇ ಕಾವಲು ಕಾಯ್ತಿದ್ಲಾ?" ಎಂದು ಇನ್ನೊಬ್ಬರು. ಪುಸ್ತಕ ಮಾತ್ರ ಓದಿದವರಿಗೆ ಇದೆಲ್ಲ ಏನೆಂದೇ ತಿಳಿಯದೆ "ಬಿಳಿ ಬಿಳಿ ಅಂತ ಯಾಕೆ ಬಡ್ಕೋತೀರಿ, ಕಥೆ ಚೆನ್ನಾಗೇ ಇದೆಯಲ್ಲ" ಎಂದರು. ಗುಬ್ಬಿ ಕೆಂಡವಾಗಿ ಅಚ್ಚಿನ ಮನೆಗೆ ಹೋದಳು.

"ಖಾಲಿ ಹಾಳೆ ಹಾಕಿದ್ರೆ, ಅಚ್ಚೇ ಬಿದ್ದಿಲ್ಲ ಅಂತ ಜನ ವಾಪಸ್ ತಂದು ಮುಖದ ಮೇಲೆ ಎಸೀತಾರೆ ಮೇಡಂ," ಎಂದ ಕತ್ತರಿ.

"ಎಸೀಲಿ. ಅದು ನನ್ನದು. ನನಗೆ ಬೇಕು."

ಅವಳ ಅದೃಷ್ಟಕ್ಕೆ ಪುಸ್ತಕ ಬೇಗ ಖರ್ಚಾಯಿತು. ಎರಡನೇ ಮುದ್ರಣದಲ್ಲಿ ಆ ಎರಡು ಚಿತ್ರಗಳ ನಡುವೆ ಖಾಲಿ ಪುಟಗಳನ್ನು ಹಾಕುವುದೆಂದು ಪ್ರಕಾಶಕಿ ಒಪ್ಪಿದರು. ಗುಬ್ಬಿ ಓದುಗರೆಲ್ಲರಿಗೂ ಮಾತು ಕೊಟ್ಟಳು. ಬಿಳಿ ವಾಪಸ್ ಬರುತ್ತೆ ಎಂದು ದೊಡ್ಡಕ್ಷರದಲ್ಲಿ ಬರೆದಳು.

ಅಚ್ಚು ಶುರುವಾಗಬೇಕಿದ್ದ ದಿನ ಸ್ಟಿಕ್ಕರ್ ಅಂಗಡಿಗೆ ಭಾವ ಬಂದರು. ಅಕ್ಕನ ಗಂಡ. ಲಿಫ್ಟ್ ರಿಪೇರಿಯವರು, ಹೆಂಡತಿಯನ್ನು ಕೇಳದೆ ಉಸಿರನ್ನೂ ಬಿಡದ ಪ್ರಾಣಿ. ಇಷ್ಟು ವರ್ಷ ದಾರಿಯಲ್ಲಿ ಸಿಕ್ಕರೆ ಅರ್ಧ ತಲೆಯಾಡಿಸಿ ಕಳ್ಳನ ಹಾಗೆ ದಾಟಿಹೋಗುತ್ತಿದ್ದವರು, ಇವತ್ತು ನೇರ ಕೌಂಟರಿಗೇ ಬಂದು ನಿಂತರು.

"ಒಂದು ಸ್ಟಿಕ್ಕರ್ ಬೇಕಿತ್ತು. ಲಿಫ್ಟ್ ಕೆಟ್ಟಿದೆ, ಮೆಟ್ಟಿಲು ಹತ್ತಿ ಅಂತ."

"ಕೆಂಪಾ, ಕಪ್ಪಾ?"

"ಯಾವುದಾದ್ರೂ ಸರಿ."

ಯಂತ್ರ ಅಕ್ಷರ ಕೊರೆದು ಕೊಟ್ಟಿತು. ಅಕ್ಷರಗಳ ಸುತ್ತ ಉಳಿದ ಚೂರುಗಳನ್ನು ಸೂಜಿಯಿಂದ ಎಬ್ಬಿಸಿ ತೆಗೆಯುತ್ತಾ, ಕೇಳಬಾರದು ಎಂದುಕೊಂಡೇ ಗುಬ್ಬಿ ಕೇಳಿಬಿಟ್ಟಳು. "ಅಕ್ಕ ಹೇಗಿದ್ದಾಳೆ ಭಾವ?"

"ಇದ್ದಾಳೆ." ಭಾವ ಆಚೀಚೆ ನೋಡಿದರು. "ನಿನ್ನ ಪುಸ್ತಕ ಓದಿದ್ಲು."

ಸೂಜಿ ಅಲ್ಲೇ ನಿಂತಿತು. "ಇಷ್ಟು ವರ್ಷ ಫೋನಲ್ಲೇ ಬರ್ತಿತ್ತಲ್ಲ."

"ಅವಳದು ಇನ್ನೂ ಆ ಹಳೇ ಗುಂಡಿ ಒತ್ತೋ ಫೋನೇ. ನನ್ನ ಫೋನಲ್ಲಿ ತೋರಿಸೋಕೆ ನಂಗೆ ಎರಡು ಗುಂಡಿಗೆ ಬೇಕು. ಪುಸ್ತಕ ಆದ್ರೆ ಹಾಗಲ್ಲ, ಟೇಬಲ್ ಮೇಲಿಟ್ಟು ಕೆಲಸಕ್ಕೆ ಹೋಗಿಬಿಡಬಹುದು. ಇಟ್ಟೆ, ಹೋದೆ."

"ಏನಂದ್ಲು?"

"ಪರವಾಗಿಲ್ಲ ಅಂದ್ಲು."

ಗುಬ್ಬಿ ಸೂಜಿ ಕೆಳಗಿಟ್ಟು ಭಾವನ ಕಡೆ ಬಗ್ಗಿದಳು.

"ಆಮೇಲೆ ಆ ಬಾಗಿಲಿಂದು ಇದೆಯಲ್ಲ, ಆ ಪುಟ ತೆಗೆದು ನಂಗೆ ತೋರಿಸಿದ್ಲು," ಎಂದರು ಭಾವ. "'ನೋಡ್ರೀ, ಅವತ್ತು ನಾನು ಒಳಗಿದ್ದೂ ತೆಗೀಲಿಲ್ಲ. ಇವಳು ನೋಡಿದ್ರೆ, ತಟ್ಟಿದ ತಕ್ಷಣ ತೆಗೆದೆ ಅಂತ ಬರೆದಿದ್ದಾಳೆ. ಒಂದು ಚೂರೂ ಮನಸ್ಸಲ್ಲಿ ಇಟ್ಕೊಂಡಿಲ್ಲ ನನ್ನ ಗುಬ್ಬಿ' ಅಂದ್ಲು. ಅಷ್ಟು ಹೇಳಿ ಅಡುಗೆಮನೆಗೆ ಹೋದೋಳು ಎಷ್ಟೊತ್ತಾದ್ರೂ ಈಚೆ ಬರ್ಲಿಲ್ಲ. ಈಗ ಪುಸ್ತಕ ಅವಳ ದಿಂಬಿನ ಪಕ್ಕದಲ್ಲೇ ಇರುತ್ತೆ. ಮತ್ತೆ ಅಚ್ಚಾದ್ಮೇಲೆ ಇನ್ನೂ ನಾಲ್ಕು ತನ್ನಿ, ಆಸ್ಪತ್ರೆ ಕೌಂಟರಲ್ಲಿರೋರಿಗೆಲ್ಲ ತೋರಿಸ್ಬೇಕು ಅಂತಿದ್ದಾಳೆ."

ಗುಬ್ಬಿಗೆ ನೆಲವೇ ಬಾಯಿಬಿಡಬಾರದೇ ಎನಿಸಿತು. ಮನಸ್ಸಿನಲ್ಲಿ ಒಂದು ಚೂರೂ ಇಟ್ಟುಕೊಂಡಿಲ್ಲವಂತೆ. ಇಟ್ಟುಕೊಂಡಿದ್ದಳು, ಒಂದೊಂದು ಚೂರನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಳು. ಅದನ್ನು ಕತ್ತರಿ ಸಿಪ್ಪೆ ಎಂದುಕೊಂಡು ಎಸೆದಿದ್ದ. ಇವಳು ಹೋಗಿ, ಜಗಳವಾಡಿ, ಮತ್ತೆ ಹೆಕ್ಕಿ ತಂದಿದ್ದಳು. ಅಕ್ಕ ಆ ಹೊಸ ಪುಸ್ತಕವನ್ನು ಕೌಂಟರಿನಲ್ಲಿ ಎಲ್ಲರ ಮುಂದೆ ತೆರೆಯುವುದನ್ನು, ಖಾಲಿ ಹಾಳೆಗಳನ್ನು ಒಂದೊಂದಾಗಿ ಮಗುಚುವುದನ್ನು ನೆನೆಸಿಕೊಂಡಳು. ಅಲ್ಲೇ ಭಾವನ ಎದುರಿಗೇ ಅಚ್ಚಿನ ಮನೆಗೆ ಫೋನು ಮಾಡಿದಳು.

"ನಿಮ್ಮ ಬಿಳಿ ಹಾಳೆಗಳೆಲ್ಲ ರೆಡಿ ಮೇಡಂ," ಎಂದ ಕತ್ತರಿ. "ಇನ್ನೇನು ಮಿಷನ್ ಶುರು ಮಾಡ್ಬೇಕು."

"ತೆಗೆದುಬಿಡಿ. ಮೊದಲು ಹೇಗಿತ್ತೋ ಹಾಗೇ ಇರಲಿ."

"ಅಲ್ಲ ಮೇಡಂ, ನನ್ನ ತಲೆ ಮೇಲೆ ಕೂತು ಹಾಕಿಸಿದ್ದು ನೀವೇ. ಈಗ ಓದುಗರು ಬೈಯ್ಯಲ್ವಾ?"

"ನನ್ನನ್ನ ಬೈಯ್ಯಲಿ. ನಾನೇ ಬೇಡ ಅಂದೆ ಅಂತ ಬರೀತೀನಿ. ತಂಗಿ ತಟ್ಟಿದ ತಕ್ಷಣ ಅಕ್ಕ ತೆಗೀಲಿ."

ಕತ್ತರಿ "ನಾನು ಅವತ್ತೇ ಮಾಡಿರ್ಲಿಲ್ವಾ ಹಾಗೆ," ಎಂದು ಗೊಣಗಿ ಫೋನಿಟ್ಟ.

ಅಂಗಡಿಗೆ ಅರ್ಧ ದಿನ ರಜೆ ಹಾಕಿ ಗುಬ್ಬಿ ಭಾವನ ಜೊತೆಗೇ ಹೊರಟಳು. ಸ್ಟಿಕ್ಕರ್ ನೆಪ ಎಂದುಕೊಂಡಿದ್ದಳು. ನೋಡಿದರೆ, ಭಾವ ಇರುವ ಕಟ್ಟಡದ ಲಿಫ್ಟೇ ಕೆಟ್ಟು ಕೂತಿತ್ತು. ಊರಿನ ಲಿಫ್ಟೆಲ್ಲ ರಿಪೇರಿ ಮಾಡುವವರ ಮನೆಯ ಪಾಡು ಅದು. ಭಾವ ಸ್ಟಿಕ್ಕರನ್ನು ಲಿಫ್ಟಿನ ಬಾಗಿಲಿಗೆ ನೀಟಾಗಿ ಅಂಟಿಸಿದರು.

"ನಾನೂ ಬರ್ಲಾ?"

"ಬೇಡ ಭಾವ. ನಾನೇ ತಟ್ತೀನಿ."

ಮೆಟ್ಟಿಲು ಹತ್ತುವಾಗ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಳು. ಬಾಗಿಲ ಮುಂದೆ ನಿಂತಾಗ ಒಂದೂ ನೆನಪಾಗಲಿಲ್ಲ. ಬಣ್ಣ ಬದಲಾಗಿತ್ತು, ಬಾಗಿಲು ಅದೇ. ಒಳಗೆ ನಲ್ಲಿ ಸುರಿಯುತ್ತಿತ್ತು. ತಟ್ಟಿದಳು.

ನಲ್ಲಿ ನಿಂತಿತು.

ಆಮೇಲೆ ಏನೂ ಇಲ್ಲ. ಓದುಗರಾದರೆ ಬೆರಳಿನಿಂದ ತಳ್ಳಿ ಮುಂದೆ ಹೋಗುತ್ತಿದ್ದರು. ಇವಳು ನಿಂತೇ ದಾಟಬೇಕಿತ್ತು. ಅಕ್ಕ ಬೇಕು, ಈಗಲೇ ಬೇಕು ಎನಿಸುತ್ತಿದ್ದರೂ, ಹಳೆಯ ಅಭ್ಯಾಸಕ್ಕೆ ಬಿದ್ದ ಕಾಲುಗಳು ತಾವಾಗಿಯೇ ಮೆಟ್ಟಿಲ ಕಡೆ ತಿರುಗಿದವು. ಆಗ ಒಳಗಿನಿಂದ ಕೇಳಿಸಿತು.

"ಯಾರು?"

"ನಾನು ಅಕ್ಕಾ."

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಹೆಜ್ಜೆಗಳು ಓಡಿ ಬಂದವು. ಚಿಲಕ ಅಲುಗಾಡಿತು. ಮತ್ತೆ ಅಲುಗಾಡಿತು, ತೆರೆದುಕೊಳ್ಳಲಿಲ್ಲ.

"ಗುಬ್ಬಿ, ಕೈಯೆಲ್ಲ ಸೋಪು ಕಣೇ, ಚಿಲಕ ಜಾರ್ತಿದೆ." ಅಕ್ಕನ ಧ್ವನಿ ಬಾಗಿಲಿಗೇ ಬಾಯಿಟ್ಟು ಮಾತಾಡಿದಷ್ಟು ಹತ್ತಿರವಿತ್ತು. "ತೆಗೀತಾ ಇದ್ದೀನಿ. ಹೋಗ್ಬಿಡ್ಬೇಡ."

"ಹೋಗಲ್ಲ ಅಕ್ಕಾ," ಎಂದಳು ಗುಬ್ಬಿ. "ನಿಧಾನಕ್ಕೆ ತೆಗಿ. ಇಲ್ಲೇ ಇದ್ದೀನಿ."