ಬಿಸಿಲು ಕಂಡರೆ ಹರವಬೇಕು

"ಬೇಗ ಎತ್ರೇ ಮುಂಡೇವಾ! ಒಂದೇ ಒಂದು ಚೀಲ ನೆನೀಲಿ, ನಿಮ್ ಚರ್ಮ ಸುಲಿದು ಒಣಗಾಕ್ತೀನಿ!"

ಧಣಿ ಮೆಟ್ಟಿಲ ತುದಿಯಲ್ಲಿ ನಿಂತು ಒದರುತ್ತಿದ್ದ. ಒಣಮೀನಿನ ಚೀಲ ತಲೆಯ ಮೇಲೆ ಹೊತ್ತು ನಾವು ಹೆಂಗಸರು ಒಬ್ಬರ ಹಿಂದೊಬ್ಬರು ಹತ್ತುತ್ತಿದ್ದೆವು. ಬಿರುಗಾಳಿ ಬಂದರೆ ದ್ವೀಪದ ಬಡವರು ಜೀವ ಉಳಿಸಿಕೊಳ್ಳಲಿ ಎಂದು ಸರ್ಕಾರ ಕಟ್ಟಿಸಿದ ಕಟ್ಟಡ ಅದು. ಎತ್ತರದ ಕಂಬಗಳ ಮೇಲೆ ಒಂದೇ ಒಂದು ದೊಡ್ಡ ಕೋಣೆ. ಬೀಗದ ಕೈ ಮಾತ್ರ ಧಣಿಯ ಉಡಿದಾರದಲ್ಲಿ. ಇಡೀ ದ್ವೀಪದಲ್ಲಿ ಜವಾಬ್ದಾರಿ ಇರುವ ಮನುಷ್ಯ ಅವನೊಬ್ಬನೇ ಅಂತೆ.

ಅದೇ ಹೊತ್ತಿಗೆ ಸರ್ಕಾರದ ದೋಣಿಯಿಂದ ಇಳಿದ ಹವಾಮಾನದ ಸಾಹೇಬ ಮೈಕಿನಲ್ಲಿ ವಿವರಿಸುತ್ತಿದ್ದ. ನಡುಗಡಲಲ್ಲಿ ನೀರು ಕಾದಿದೆ, ಆವಿ ಮೇಲೆದ್ದಿದೆ, ತೆರವಾದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗಿ ಗಿರಗಿರನೆ ತಿರುಗತೊಡಗಿದೆ. ನಟ್ಟನಡುವೆ ಅದಕ್ಕೊಂದು ಕಣ್ಣು. ಕಣ್ಣು ನಮ್ಮ ಮೇಲೆ ಬಂದಾಗ ಗಾಳಿ ನಿಲ್ಲುತ್ತದೆ, ಬಿಸಿಲೂ ಬಿದ್ದೀತು. ಮೋಸ ಹೋಗಬೇಡಿ, ಸ್ವಲ್ಪ ಹೊತ್ತಿಗೇ ಎದುರು ದಿಕ್ಕಿನಿಂದ ಮತ್ತೆ ಬಡಿಯುತ್ತದೆ. ಈ ಮಾತನ್ನು ದ್ವೀಪದ ನಾಯಿಗಳೂ ಕೇಳಿಸಿಕೊಂಡವು. ಧಣಿಗೆ ಮಾತ್ರ ಕೇಳಿಸಲಿಲ್ಲ, ಅವನ ಬೈಗುಳ ಮೈಕಿಗಿಂತ ಜೋರಾಗಿತ್ತು. ಬಿರುಗಾಳಿಗೆ ಯಾವುದೋ ಹೂವಿನ ಹೆಸರಿಟ್ಟಿದ್ದರು. ಧಣಿ ನಮಗಿಟ್ಟ ಹೆಸರುಗಳನ್ನು ಮೈಕಿನಲ್ಲಿ ಹೇಳುವಂತಿರಲಿಲ್ಲ.

ಸಾಹೇಬನ ದೋಣಿ ಹೊರಟುಹೋಗಿ ಮಳೆ ಶುರುವಾದಾಗ ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿದೆ. ಅವಳಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆ ಲೆಕ್ಕವನ್ನೆಲ್ಲ ನಾಲಿಗೆ ಸರಿದೂಗಿಸುತ್ತದೆ.

"ಅತ್ತೆಗೆ ಕಾಲಿಲ್ಲ ಧಣಿ. ಬಾಗ್ಲ ಮೂಲೇಲಿ ಕೂರ್ತಾಳೆ," ಎಂದೆ.

"ಒಳಗೆ ಕಾಲಿಡಕ್ಕೆ ಜಾಗ ಇಲ್ಲ."

"ನಂಗೆ ಕಾಲೇ ಇಲ್ವಲ್ಲಪ್ಪ, ಇಡೋದೆಲ್ಲಿ ಬಂತು?" ಎಂದಳು ಅತ್ತೆ.

"ಏ ಮುದುಕಿ! ಮೀನು ನೆಂದ್ರೆ ಹುಳ ಬೀಳ್ತದೆ. ನೀವು ನೆಂದ್ರೆ ಏನಾಗ್ತದೆ? ನಾಳೆ ಒಣಗ್ತೀರಿ. ನಿಮ್ ಮೈವಾಸ್ನೆ ಬಡಿದು ನನ್ ಸರಕು ಕೆಟ್ರೆ ನಿಮ್ಮಪ್ಪ ಕೊಡ್ತಾನಾ? ಇಳೀರಿ ಕೆಳಗೆ!"

ಒಣಮೀನು ನಾರುವುದು ನಮ್ಮಿಂದ ಎಂದು ಅವತ್ತು ಗೊತ್ತಾಯಿತು. ಹೆಂಡತಿ ಮಕ್ಕಳನ್ನು ಅವನು ಆಗಲೇ ಆಚೆ ದಡಕ್ಕೆ ಸಾಗಿಸಿದ್ದ. ಮೀನನ್ನು ನಮ್ಮ ಹತ್ತಿರ ಬಿಟ್ಟುಹೋಗುವಷ್ಟು ನಂಬಿಕೆ ಇರಲಿಲ್ಲ, ಪಾಪ.

ಮಕ್ಕಳನ್ನು ಹೆಗಲಿಗೇರಿಸಿ ಕೆಳಗಿನ ಕಂಬಗಳಿಗೆ ನಮ್ಮನ್ನು ನಾವೇ ಹಗ್ಗದಿಂದ ಬಿಗಿದುಕೊಂಡೆವು. ಗಾಳಿ ಮೊದಲು ಗುಡಿಸಲುಗಳ ಚಾವಣಿ ಕಿತ್ತಿತು, ಆಮೇಲೆ ಗುಡಿಸಲುಗಳನ್ನೇ ಒಯ್ದಿತು. ಕಡಲು ಎದೆಮಟ್ಟ ಏರಿತು. ಅತ್ತೆ ನನ್ನ ಹೆಗಲೇರಿ ಕೂತು ಗಾಳಿಯ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಪಕ್ಕದ ಕಂಬದಲ್ಲಿ ಬಲೆ ಹೆಣೆಯುವ ತಾತನಿದ್ದ. ಅವನ ಹಗ್ಗ ಹರಿಯಿತು. ನಾನು ಚಾಚಿದ ಕೈಗೆ ಅವನ ಅಂಗಿಯ ತೋಳಷ್ಟೇ ಸಿಕ್ಕಿತು. ತಲೆಯೆತ್ತಿದರೆ ಮೇಲಿನ ಕಿಟಕಿಯಲ್ಲಿ ಧಣಿಯ ಮುಖ. ನೋಡಿದ, ಕಿಟಕಿ ಮುಚ್ಚಿಕೊಂಡ. ಅವನ ಕರುಳು ಬಗೆದು ಹಾಕಬೇಕು ಅನ್ನಿಸಿತು ನನಗೆ.

ಇದ್ದಕ್ಕಿದ್ದಂತೆ ಗಾಳಿ ನಿಂತಿತು. ನೀರು ಸರಸರನೆ ಇಳಿದು ಮೀನು ಒಣಗಿಸುವ ಸಿಮೆಂಟಿನ ಕಟ್ಟೆ ಮೇಲೆದ್ದಿತು. ಮೋಡ ಹರಿದು ಬಿಸಿಲು ಬಿತ್ತು.

ನಮ್ಮ ಮೀನಿನ ಕಣದಲ್ಲಿ ಒಂದೇ ಕಾನೂನು. ಬಿಸಿಲು ಕಂಡರೆ ಮೀನು ಹರವಬೇಕು. ಮನೆಯಲ್ಲಿ ಹೆರಿಗೆಯಾಗುತ್ತಿರಲಿ, ಹೆಣ ಬಿದ್ದಿರಲಿ, ಧಣಿ ಕೂಗಿದರೆ ಓಡಬೇಕು.

ಬಾಗಿಲು ತೆರೆಯಿತು. "ಬಿಸಿಲು ಬಂತು ಕಣ್ರೇ! ಕಿಟಕಿ ಸಂದೀಲಿ ನೀರು ನುಗ್ಗಿ ಚೀಲ ನೆಂದವೆ. ಹರವ್ರೇ ಬೇಗ!"

ನಮ್ಮಲ್ಲೊಬ್ಬಳು ಬಾಯಿ ತೆರೆದಳು. "ಧಣಿ, ಇದು ಕಣ್ಣು..."

"ಬಾಯ್ಮುಚ್ಚೇ," ಅತ್ತೆ ಗದರಿದಳು. "ಧಣಿ ಉಪ್ಪು ತಿಂದಿದೀವಿ. ಹೇಳಿದ್ ಕೆಲ್ಸ ಮಾಡ್ಬೇಕು."

ಮಾಡಿದೆವು. ಹುಟ್ಟಿದ ಮೇಲೆ ಅಷ್ಟು ಚುರುಕಾಗಿ ದುಡಿದಿರಲಿಲ್ಲ.

"ಒಣಗಿರೋ ಚೀಲಾನೂ ಬಿಚ್ಲಾ ಧಣಿ?" ಎಂದೆ.

"ಎಲ್ಲಾ ಬಿಚ್ಚೇ! ನನ್ನೇನು ಕೇಳ್ತೀಯ?" ಎಂದವನು ಕಟ್ಟೆಗಿಳಿದು ಮೀನು ಮಗುಚುತ್ತಾ, "ಒದೆ ಬಿದ್ರೆ ಎಷ್ಟು ಚೆನ್ನಾಗಿ ಗೇಯ್ತೀರಿ ನೋಡಿ," ಎಂದು ಮೆಚ್ಚಿಕೊಂಡ.

ಇಳಿಯುವಾಗ ಚೀಲ, ಹತ್ತುವಾಗ ಮಗು. ಇಳಿಯುವಾಗ ಚೀಲ, ಹತ್ತುವಾಗ ಮುದುಕಿಯೋ, ಜ್ವರದವನೋ, ಕಂಬಕ್ಕೆ ಎತ್ತರದಲ್ಲಿ ಕಟ್ಟಿಟ್ಟಿದ್ದ ಕುಡಿಯುವ ನೀರಿನ ಕೊಡವೋ. ಧಣಿ ಬಗ್ಗಿದ ತಲೆ ಎತ್ತಲಿಲ್ಲ. ಕೊನೆಗೆ ಅತ್ತೆಯನ್ನು ಹೊತ್ತೊಯ್ದು ಧಣಿಯ ಹಾಸಿಗೆಯ ಮೇಲೇ ಕೂರಿಸಿದೆ. ಆಸರೆಯ ಕೋಣೆಯಲ್ಲಿ ಅಂತೂ ಮನುಷ್ಯರು ತುಂಬಿದರು.

ಎದುರು ದಿಕ್ಕಿನಲ್ಲಿ ಕಡಲು ಕಪ್ಪಾಯಿತು. ಧಣಿ ಈಗ ತಲೆಯೆತ್ತಿದ.

"ಅಯ್ಯೋ, ಮತ್ತೆ ಬಂತು! ತುಂಬ್ರೇ! ಇಳೀರೇ ಕೆಳಗೆ!"

ಯಾರೂ ಏಳಲಿಲ್ಲ. ಧಣಿ ಕೂಗಿದಾಗ ಕೂತೇ ಇರುವುದು ಎಷ್ಟು ಸುಖ ಎಂದು ನಮಗೆ ಗೊತ್ತೇ ಇರಲಿಲ್ಲ.

ನಾನು ಬಾಗಿಲಲ್ಲಿ ನಿಂತು ಕರೆದೆ. ಮನಸ್ಸಿರಲಿಲ್ಲ, ಆದರೂ ಕರೆದೆ. "ಮೀನು ಬಿಟ್ಟು ಬಾರೋ ಮೇಲಕ್ಕೆ! ಸಾಯ್ತೀಯ!"

"ಯಾರಿಗೇ ಬಾರೋ ಅಂತೀಯ, ಹಲ್ಕಾ ಬೋಳಿ?" ಗಾಳಿಗಿಂತ ಆ ಮಾತು ಅವನನ್ನು ಹೆಚ್ಚು ಬಡಿದಿತ್ತು. "ಮೊದ್ಲು ಇಳಿದು ಸರಕು ತುಂಬು, ಆಮೇಲೆ ನೋಡ್ಕೋತೀನಿ ನಿನ್ನ!"

ಅಷ್ಟರಲ್ಲಿ ಮೀನು ಎದ್ದಿತು. ಸತ್ತು ಒಣಗಿದ ಮೀನು ಹಿಂಡುಹಿಂಡಾಗಿ ಆಕಾಶಕ್ಕೆ ಹಾರಿತು. ಅವನು ಪಂಚೆ ಬಿಚ್ಚಿ ಬಾಚಿದ, ಪಂಚೆಯೂ ಹಾರಿತು. ಉಳಿದ ರಾಶಿಯ ಮೇಲೆ ಬೋರಲು ಬಿದ್ದು ತಬ್ಬಿಕೊಂಡ. ಮತ್ತೆ ಕರೆದೆ, ಗಂಟಲು ಹರಿಯುವಂತೆ ಕರೆದೆ. ಅವನು ಕೈ ಬಿಡಲಿಲ್ಲ. ಅವನ ಹಿಂದೆ ಅಲೆ ಗೋಡೆಯಂತೆ ಏಳುತ್ತಿತ್ತು.

"ಬಾಗ್ಲು ಹಾಕೇ," ಎಂದಳು ಅತ್ತೆ. "ಮಕ್ಳು ನೆನೀತಾವೆ."

ಹಾಕಿ ಅಗುಳಿ ಎಳೆದೆ.

ಸ್ವಲ್ಪ ಹೊತ್ತಿಗೆ ಬಾಗಿಲು ದಡದಡ ಅಲುಗಿತು. ಎಲ್ಲರೂ ನನ್ನ ಮುಖ ನೋಡಿದರು.

"ಗಾಳಿ," ಎಂದಳು ಅತ್ತೆ.

"ಗಾಳೀನೇ," ಎಂದೆ ನಾನು.

ಮತ್ತೆ ಅಲುಗಿತು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.