ದಕ್ಷಿಣದ ಅಂಚು

ಭಾನುವಾರ ಮಧ್ಯಾಹ್ನ ಆರಿನ್ ಮೇಷ್ಟ್ರ ಅಡಿಗೆಮನೆಯಲ್ಲಿ ಕ್ಲೀಟಸ್ ಮತ್ತು ನಾನು ಮೇಷ್ಟ್ರ ಜೊತೆ ಟೇಪುಗಳನ್ನು ಕೇಳುತ್ತಿದ್ದೆವು.

ಹಿಂದಿನ ಸಂಜೆ, ಮಂಗಳ ಮತ್ತು ಗುರುಗ್ರಹಗಳ ನಡುವೆ ಸುತ್ತುವ, ಇದ್ದಿಲಿನಷ್ಟು ಕಪ್ಪಾದ ಒಂದು ದೊಡ್ಡ ಕ್ಷುದ್ರಗ್ರಹ ಒಂದು ನಕ್ಷತ್ರಕ್ಕೆ ಅಡ್ಡ ಬಂದಿತ್ತು. ಅದರ ನೆರಳು ನೆಬ್ರಾಸ್ಕಾದ ಮೇಲೆ ಹಾಯುವಾಗ ನಮ್ಮ ಕ್ಲಬ್ಬಿನ ಐವರು ಮೂವತ್ತು ಮೈಲಿಗೊಬ್ಬರಂತೆ ದೂರದರ್ಶಕ ಹಿಡಿದು ನಿಂತಿದ್ದೆವು. ನಕ್ಷತ್ರ ಮಾಯವಾದರೆ "ಹೋಯ್ತು", ಮರಳಿದರೆ "ಬಂತು" ಎನ್ನಬೇಕು. ಪಕ್ಕದಲ್ಲಿ ರೇಡಿಯೋ ಸೆಕೆಂಡು ಎಣಿಸುತ್ತಿರುತ್ತದೆ; ಎರಡೂ ಒಂದೇ ಟೇಪಿಗೆ ಸೇರುತ್ತವೆ. ಎಷ್ಟು ಹೊತ್ತು ಮರೆಯಾಯಿತೋ ಆ ಜಾಗದಲ್ಲಿ ಆಕಾಶದ ಆ ಕಲ್ಲು ಅಷ್ಟು ಅಗಲ. ದಕ್ಷಿಣದ ಕೊನೆಗೆ ನಾನಿದ್ದೆ. ಕಲ್ಲು ಆ ಕಡೆ ಎಲ್ಲಿ ಮುಗಿಯುತ್ತದೆಂದು ಹೇಳಬೇಕಾದವಳು ನಾನೊಬ್ಬಳೇ.

ಉಳಿದ ನಾಲ್ಕು ಟೇಪುಗಳಲ್ಲೂ "ಹೋಯ್ತು" ಬಂದದ್ದು ಮೊದಲೇ ಲೆಕ್ಕ ಹಾಕಿದ್ದ ಸಮಯಕ್ಕಿಂತ ಹನ್ನೊಂದು ಸೆಕೆಂಡು ತಡವಾಗಿ. ನನ್ನದರಲ್ಲಿ ಮಾತ್ರ ಲೆಕ್ಕದ ಸೆಕೆಂಡಿಗೇ ಸರಿಯಾಗಿ, ಅದರ ಬೆನ್ನಿಗೇ "ಬಂತು".

"ನೋಡಿ, ವರ್ಲೀನ್ ನಕ್ಷತ್ರಕ್ಕೆ ಮಾತ್ರ ಶಿಸ್ತು! ನಮ್ದೆಲ್ಲ ಒಮಾಹಾ ಬಸ್ಸಿನ ಥರ ಲೇಟು," ಎಂದ ಕ್ಲೀಟಸ್, ನನ್ನತ್ತ ಬೆರಳು ಮಾಡಿ.

ಗಡಿಯಾರ ನೋಡಿಕೊಂಡು ಕಾದಿದ್ದೆ. ಆ ಸೆಕೆಂಡು ಬಂದಾಗ ನಕ್ಷತ್ರ ಹೋದಂತೆಯೇ ಕಂಡಿತ್ತು.

"ಚಳೀಗೆ ಕಣ್ಣಲ್ಲಿ ನೀರು ತುಂಬಿರತ್ತೆ ಕಣಮ್ಮ, ನಂಗೂ ಆಗಿದೆ," ಎಂದರು ಮೇಷ್ಟ್ರು. ಸಂಜೆ ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು ಅವರೇ. "ನಿಂಗೆ ಮರೆಯಾಗ್ಲೇ ಇಲ್ಲ ಅಂತ ಬರ್ಕೋತೀನಿ. ಇನ್ನೂ ಒಳ್ಳೇದಾಯ್ತು. ಕಲ್ಲು ನಿನ್ ತನಕ ಬಂದಿಲ್ಲ ಅಂದ್ರೆ ಅಂಚು ಸಿಕ್ಕಂಗೇ!"

ಒಂಬತ್ತು ವರ್ಷದಿಂದ ಇಂಥ ಕಲ್ಲೊಂದರ ಪೂರ್ತಿ ಆಕಾರಕ್ಕಾಗಿ ಕಾಯುತ್ತಿದ್ದರು. ಪೆನ್ಸಿಲ್ ಆಗಲೇ ಕಾಗದ ಮುಟ್ಟಿತ್ತು.

"ಬರೀಬೇಡಿ ಮೇಷ್ಟ್ರೇ."

"ಯಾಕೆ?"

"'ಬಂತು' ಅಂದ್ಮೇಲೆ ನಾನು ನೋಡ್ತಾನೇ ಇರ್ಲಿಲ್ಲ. ಮುಗೀತು ಅನ್ಕೊಂಡು ಫ್ಲಾಸ್ಕ್ ತೆಗ್ದೆ. ಟೇಪು ಮುಂದಕ್ಕೆ ಬಿಡಿ."

ಬಿಟ್ಟರು. ಮುಚ್ಚಳ ತಿರುಗಿದ ಸದ್ದು, ಕಾಫಿ ಸುರಿದ ಸದ್ದು. ಹನ್ನೊಂದನೆಯ ಸೆಕೆಂಡು ಅದರ ನಡುವೆಯೇ ದಾಟಿಹೋಯಿತು.

"ಅಯ್ಯೋ ಮಾರಾಯ್ತಿ, ಒಂದು ನಿಮಿಷ ಕಾಫಿ ಬಿಟ್ಟಿರಕ್ಕೆ ಆಗ್ಲಿಲ್ವಾ!" ಕ್ಲೀಟಸ್ ನಕ್ಕ. ಮೇಷ್ಟ್ರ ಮುಖ ನೋಡಿ ನಿಲ್ಲಿಸಿದ.

"ಇಂಥಾ ನಕ್ಷತ್ರ ಇನ್ಯಾವಾಗ ಸಿಗತ್ತೆ?" ಎಂದು ಕೇಳಿದೆ.

"ನನ್ ಕಾಲಕ್ಕಂತೂ ಇಲ್ಲ."

ಟೇಪಿಗೊಂದರಂತೆ ಎಳೆದಿದ್ದ ನಾಲ್ಕು ಗೆರೆಗಳ ತುದಿಗಳನ್ನು ಅವರು ನಿಧಾನವಾಗಿ ಕೂಡಿಸಿದರು. ದಕ್ಷಿಣಕ್ಕೆ ಬಂದಾಗ ಪೆನ್ಸಿಲ್ ಎತ್ತಿಬಿಟ್ಟರು. ನನ್ನ ಹೆಸರಿನ ಮುಂದೆ "ನೋಡುತ್ತಿರಲಿಲ್ಲ" ಎಂದು ಬರೆದು ಕಾಗದವನ್ನು ನನ್ನತ್ತ ತಳ್ಳಿದರು.

ಎರಡು ಸಲ ಓದಿ ಸಹಿ ಹಾಕಿದೆ.